ಮಿಠಾಯಿ ರೋಬೋಟುಗಳನ್ನು ಎಸೆಯಬೇಡಿ

ಮೇಡಂ, ಮಗ ಕೂಡಿಟ್ಟಿರುವ ಮಿಠಾಯಿ ರೋಬೋಟುಗಳ (ಮಿಠಾಯಿ ಪೊಟ್ಟಣದ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಗೊಂಬೆಗಳ) ಡಬ್ಬಿಗೆ ಇರುವೆ ಮುತ್ತಿದೆ, ಗೊಂಬೆಗಳ ಕೈಕಾಲು ಅಂಟಂಟಾಗಿವೆ, ಎಸೆದುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಅಗ್ಗದ್ದು ಎಂಬ ಒಂದೇ ಕಾರಣಕ್ಕೆ ಇವು ಹೆಚ್ಚಿನ ಮನೆಗಳಲ್ಲಿ ಕಸದ ಬುಟ್ಟಿ ಸೇರುತ್ತವೆ. ನಾಲ್ಕು ವರ್ಷ ಕಳೆದ ಮೇಲೆ ಅದೇ ಗೊಂಬೆಗಾಗಿ ಬೆಂಗಳೂರಿನ ಮಾಮೂಲ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಗುವುದಿಲ್ಲ.

ಮೊದಲು ಸಕ್ಕರೆಯನ್ನೂ ಗೊಂಬೆಯನ್ನೂ ಬೇರೆ ಮಾಡಿ. ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ರೋಬೋಟಿನ ಹೊಟ್ಟೆಯಲ್ಲಿ ತುಂಬಿಟ್ಟ ಗುಳಿಗೆಗಳು ಕರಗಿ, ಭುಜದ ಸಂದಿಗೆ ಇಳಿದು, ಬಿಸಿಲು ಬಂದ ಕೂಡಲೇ ಅಲ್ಲೇ ಗಟ್ಟಿಯಾಗುತ್ತವೆ. ಆಮೇಲೆ ಮಗು ತೋಳನ್ನು ತಿರುಗಿಸಿದರೆ ಒಳಗಿನ ಸಣ್ಣ ಕಡ್ಡಿ ಟಕ್ಕೆಂದು ಮುರಿಯುತ್ತದೆ. ಮಗು ಒರಟು ಎಂದು ಬೈಯುತ್ತೇವೆ, ಆದರೆ ಮುರಿದದ್ದು ಆ ಒಣಗಿದ ಪಾಕದಿಂದ. ಆಟಿಕೆ ಸಂಗ್ರಹಿಸುವವರ ಈ ನಮ್ಮ ಗುಂಪಿನಲ್ಲೇ ಕೆಲವರು ಪೊಟ್ಟಣ ಒಡೆಯದೆ ಇಟ್ಟರೆ ಬೆಲೆ ಹೆಚ್ಚು ಎನ್ನುತ್ತಾರೆ. ಮಿಠಾಯಿ ಒಳಗಿರುವ ಪೊಟ್ಟಣದ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಪೊಟ್ಟಣವನ್ನು ಬ್ಲೇಡಿನಿಂದ ಹಿಂಬದಿಯಲ್ಲಿ ಸೀಳಿ, ತಿನಿಸನ್ನು ಹೊರತೆಗೆದು, ರಟ್ಟನ್ನು ಗೊಂಬೆಯ ಜೊತೆಗೇ ಇಡಿ.

ತೊಳೆಯುವ ಮುಂಚೆ ದೀಪ ಅಥವಾ ಸದ್ದು ಬರುವ ಗೊಂಬೆಗಳನ್ನು ಬದಿಗಿಡಿ. ಅವುಗಳ ಬೆನ್ನಿನಲ್ಲಿ ಬಟನ್ ಸೆಲ್, ಅಂದರೆ ಗುಂಡಿಯಂಥ ಪುಟ್ಟ ಬ್ಯಾಟರಿ, ಇರುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್‌ನಿಂದ ಮುಚ್ಚಳ ತೆಗೆದು ಸೆಲ್‌ಗಳನ್ನು ಹೊರತೆಗೆಯಿರಿ. ಸ್ಕ್ರೂ ಇಲ್ಲದೆ ಉಗುರಿನಲ್ಲೇ ಮುಚ್ಚಳ ತೆರೆಯುವಂಥ ಗೊಂಬೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇರಲೇಬಾರದು. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ನಿಮಗೆ ಎರಡು ವರ್ಷದ ಮಗಳೂ ಇದ್ದಾಳೆ ಎಂದು ಬರೆದಿರುವುದರಿಂದ ಇನ್ನೊಂದು ಮಾತು: ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸುವ ಅಳತೆಗೊಳವೆಯ ವ್ಯಾಸ 31.7 ಮಿಲಿಮೀಟರ್. ಹಳೆಯ ಕ್ಯಾಮೆರಾ ರೀಲಿನ ಡಬ್ಬಿ ಹೆಚ್ಚುಕಡಿಮೆ ಅಷ್ಟೇ ಅಗಲ. ಅದರೊಳಗೆ ಇಳಿಯುವ ಯಾವ ತುಂಡೂ ಅವಳ ಕೈಗೆ ಸಿಗಬಾರದು. ಈ ರೋಬೋಟುಗಳ ಮುಷ್ಟಿ, ಕ್ಷಿಪಣಿ, ತಲೆ ಎಲ್ಲವೂ ಇಳಿಯುತ್ತವೆ.

ಉಳಿದವನ್ನು ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಅರ್ಧ ಗಂಟೆ ನೆನೆಸಿ. ಕಾಗದದ ಸ್ಟಿಕ್ಕರ್ ಇದ್ದರೆ ನೆನೆಸದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಾಕ ಕರಗುವವರೆಗೆ ಕೀಲುಗಳನ್ನು ತಿರುಗಿಸಬೇಡಿ. ಆಮೇಲೆ ಮೆದುವಾದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ತಿಕ್ಕಿ, ನೆರಳಿನಲ್ಲಿ ಒಣಗಿಸಿ. ಕುದಿಯುವ ನೀರು ಬೇಡ, ಕಾಲು ಸೊಟ್ಟಗಾಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಮತ್ತು ಥಿನ್ನರ್ ಅಂತೂ ಹತ್ತಿರವೂ ಬೇಡ, ಪ್ಲಾಸ್ಟಿಕ್ ಅನ್ನೇ ಕರಗಿಸಿಬಿಡುತ್ತವೆ. ಸಡಿಲವಾದ ಗುಂಡು ಕೀಲಿಗೆ ಫೆವಿಕಾಲ್ ತೆಳುವಾಗಿ ಸವರಿ, ಬಿಡಿಯಾಗಿಯೇ ಒಂದು ದಿನ ಪೂರ್ತಿ ಒಣಗಿಸಿ ನಂತರ ಜೋಡಿಸಿದರೆ ಬಿಗಿಯಾಗುತ್ತದೆ.

ಕೆಲವು ಗೊಂಬೆಗಳು ತೊಳೆದರೂ ಅಂಟುತ್ತಿದ್ದರೆ ಅದು ಸಕ್ಕರೆಯಲ್ಲ. ಮೆದು ಪಿವಿಸಿಯನ್ನು ಬಾಗುವಂತೆ ಮಾಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಹೊರಗೆ ಒಸರುತ್ತಿರುತ್ತದೆ. ಅದು ಪಕ್ಕದ ಗಟ್ಟಿ ಪ್ಲಾಸ್ಟಿಕ್ ಗೊಂಬೆಯ ಮೈಯನ್ನೂ ಮೆತ್ತಗಾಗಿಸಿ ಕಲೆ ಉಳಿಸುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿ, ಮುಚ್ಚಳ ಸ್ವಲ್ಪ ಸಡಿಲಬಿಟ್ಟು ಇಡಿ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಯಾವುದು ಅಸಲಿ ಎಂದೂ ಕೇಳಿದ್ದೀರಿ. ಪಾದದ ಅಡಿ ಅಥವಾ ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಇಸವಿಯೂ ಕಂಪನಿಯ ಹೆಸರೂ ಸಣ್ಣದಾಗಿ ಅಚ್ಚಾಗಿರುವುದು ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ಸ್ (ವಾಹನವಾಗಿ ರೂಪ ಬದಲಿಸುವ ರೋಬೋಟುಗಳ ಕಾರ್ಟೂನ್) ಪಾತ್ರಗಳಲ್ಲಿ ಹ್ಯಾಸ್‌ಬ್ರೋ, ಟಕಾರಾ (ಈಗ ಟಕಾರಾ ಟೋಮಿ) ಎಂಬ ಕಂಪನಿ ಹೆಸರು ಸಾಮಾನ್ಯವಾಗಿ ಇರುತ್ತದೆ. ಇವುಗಳ ಮೊದಲ ಗೊಂಬೆಗಳಲ್ಲಿ ಬಹುಪಾಲು ಜಪಾನಿನ ಟಕಾರಾದ ಡಯಾಕ್ಲೋನ್ ಮತ್ತು ಮೈಕ್ರೋಮ್ಯಾನ್ ಎಂಬ ಆಟಿಕೆ ಸಾಲುಗಳಲ್ಲಿ ಮೊದಲೇ ಇದ್ದವು, ಕಾರ್ಟೂನ್ ಬಂದದ್ದು 1984ರಲ್ಲಿ. ಹೆಸರಿಲ್ಲದವು ನಕಲಿ ಇರಬಹುದು, ಆದರೂ ಬಣ್ಣ ಮತ್ತು ಆಕಾರ ಚೆನ್ನಾಗಿದ್ದರೆ ನಾನು ಇಟ್ಟುಕೊಳ್ಳುತ್ತೇನೆ. ಮಕ್ಕಳ ಆಟಕ್ಕೆ ಹೊಸದಾಗಿ ಕೊಳ್ಳುವಾಗ ಮಾತ್ರ ಐಎಸ್‌ಐ ಗುರುತು ನೋಡಿ. ಆಟಿಕೆಗಳಿಗೆ ಅದು 2021ರ ಜನವರಿಯಿಂದ ಕಡ್ಡಾಯವಾಗಿದೆ.

ನಿಮ್ಮ ತಮ್ಮ ಜಪಾನಿಗೆ ಹೋಗುತ್ತಿದ್ದಾರೆ ಎಂದೂ ಬರೆದಿದ್ದೀರಿ, ಅದು ಒಳ್ಳೆಯ ಅವಕಾಶ. ಅಲ್ಲಿ ಗ್ಲಿಕೋ ಕಂಪನಿ 1920ರ ದಶಕದಲ್ಲೇ ಕ್ಯಾರಮೆಲ್ ಜೊತೆ ಆಟಿಕೆ ಕೊಡುತ್ತಿತ್ತು, ಆ ಪರಂಪರೆ ಇಂದಿಗೂ ಗಟ್ಟಿಯಾಗಿದೆ. ಸೂಪರ್‌ಮಾರ್ಕೆಟ್‌ನ ತಿಂಡಿ ಸಾಲಿನಲ್ಲೇ ಬಂದೈ ಕಂಪನಿಯ ಮಿನಿಪ್ಲಾ ಹುಡುಕಲು ಹೇಳಿ. ಒಂದು ಚೂಯಿಂಗ್ ಗಮ್, ಜೊತೆಗೆ ಅಂಟಿಲ್ಲದೆ ಜೋಡಿಸುವ ಬಿಡಿಭಾಗಗಳು. ಒಂದು ದೊಡ್ಡ ರೋಬೋಟನ್ನು ಹಲವು ಪೆಟ್ಟಿಗೆಗಳಿಗೆ ಹಂಚಿರುತ್ತಾರೆ, ಒಂದೇ ಪೆಟ್ಟಿಗೆ ತಂದರೆ ಬರೀ ಕಾಲೋ ತೋಳೋ ಸಿಕ್ಕೀತು. ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಪೂರ್ತಿ ಸೆಟ್ ತರಲಿ. ಅಲ್ಲಿನ ಮಿಠಾಯಿಗೆ ನಮ್ಮ ಹಸಿರು ಚುಕ್ಕಿ ಇರುವುದಿಲ್ಲ, ಕೆಲವದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಸಸ್ಯಾಹಾರಿಗಳಾದರೆ ಮೊಬೈಲಿನಲ್ಲಿ ಪದಾರ್ಥಗಳ ಪಟ್ಟಿಯನ್ನು ಅನುವಾದಿಸಿ ಓದಿಯೇ ಮಗನಿಗೆ ಕೊಡಿ.