ಸಂಪಾದಕರ ಉತ್ತರ: ಇನ್ನೊಂದು ಕೋರ್ಸ್ ಬೇಡ

ರಾಜಾಜಿನಗರದ ಓದುಗರೊಬ್ಬರ ಪತ್ರ. ಬಿ.ಕಾಂ. ಮುಗಿಸಿ, ವೈಟ್‌ಫೀಲ್ಡ್‌ನ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿದ್ದಾರೆ. ಡೇಟಾ ಅನಲಿಸ್ಟ್ ಆಗುವ ಆಸೆ. ಬೆಳಗ್ಗೆ ಐದಕ್ಕೆ ಎದ್ದು ವಿಡಿಯೊ ಪಾಠ, ಮೆಟ್ರೊದಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಪಾಠ, ರಾತ್ರಿ ಹನ್ನೆರಡರವರೆಗೆ ಮತ್ತೆ ಪಾಠ. ಸರ್ಟಿಫಿಕೇಟ್ 11 ಆಗಿವೆ. ಇತ್ತೀಚಿನ ಸಂದರ್ಶನದಲ್ಲಿ ದತ್ತಾಂಶದ ಎರಡು ಟೇಬಲ್ (ಕೋಷ್ಟಕ) ಕೊಟ್ಟು, ಒಮ್ಮೆಯೂ ಆರ್ಡರ್ ಮಾಡದ ಗ್ರಾಹಕರ ಪಟ್ಟಿ ತೆಗೆಯಿರಿ ಎಂದರಂತೆ. ‘ಲೆಫ್ಟ್ ಜಾಯಿನ್ ಹಾಕಬೇಕು ಅಂತ ಗೊತ್ತಿತ್ತು ಸಾರ್, ಕೈ ಓಡಲಿಲ್ಲ’ ಎಂದು ಬರೆದಿದ್ದಾರೆ. (ಒಂದು ಟೇಬಲ್‌ನ ಸಾಲುಗಳನ್ನೆಲ್ಲ ಉಳಿಸಿಕೊಂಡು, ಇನ್ನೊಂದರಲ್ಲಿ ಹೊಂದುವುದನ್ನು ಪಕ್ಕಕ್ಕೆ ಜೋಡಿಸುವ ಆದೇಶವೇ ಲೆಫ್ಟ್ ಜಾಯಿನ್.) ಮುಂದೆ ಡೇಟಾ ಸೈನ್ಸ್ ಕೋರ್ಸ್ ಸೇರಲೋ, ಕ್ಲೌಡ್ ಕೋರ್ಸ್ ಸೇರಲೋ ಎಂಬುದು ಪ್ರಶ್ನೆ.

ಎರಡೂ ಬೇಡ ಮಾರಾಯರೆ.

ಕೋರ್ಸ್‌ಗಳೆಲ್ಲ ದಂಡ ಎನ್ನುತ್ತಿಲ್ಲ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಆನ್‌ಲೈನ್ ಪಾಠತಾಣ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುವುದು ದೊಡ್ಡ ಉಪಕಾರವೇ. ಆದರೆ ನಿಮ್ಮಂಥ ಶ್ರದ್ಧಾವಂತರನ್ನೇ ಪಾಠ ಕೇಳುವ ಸುಖ ಹಿಡಿದುಹಾಕುತ್ತದೆ. ಹೇಳುವವರು ಚೆನ್ನಾಗಿ ಹೇಳಿದಷ್ಟೂ ನಮಗೇ ಬಂದುಬಿಟ್ಟಿತು ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಪಾಠವೊಂದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರರಲ್ಲಿ ಹಾಳೆ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ಓದಿದವರಿಗೆ ಉಳಿದದ್ದು ಶೇ 40ರಷ್ಟು, ಮುಚ್ಚಿ ಬರೆದವರಿಗೆ ಶೇ 61ರಷ್ಟು. ನೀವು ಮೊದಲ ಗುಂಪಿನಲ್ಲಿದ್ದೀರಿ, ಅದೂ ಒಂದೂವರೆ ಪಟ್ಟು ವೇಗದಲ್ಲಿ.

ನಮ್ಮ ಚಂದಾ ವಿಭಾಗಕ್ಕೆ ಪಿಯುಸಿ ಓದಿದ ಹುಡುಗಿಯೊಬ್ಬಳು ಬಂದಳು. ಎಕ್ಸೆಲ್ ತೆರೆದು ಕೂಡ ಗೊತ್ತಿರಲಿಲ್ಲ. ಚಂದಾ ಮುಗಿದವರು ಯಾರು, ಯಾವ ಬಡಾವಣೆಯಲ್ಲಿ ಎಷ್ಟು ಜನ ಎಂಬ ಪಟ್ಟಿ ಬೇಕಿತ್ತು, ಅವಳಿಗೇ ಒಪ್ಪಿಸಿದೆವು. ಒಂದು ಸಂಜೆ ಪಿನ್‌ಕೋಡ್ ಹೊಂದಿಸುವಾಗ ರಾಜಾಜಿನಗರದ ಅರ್ಧಕ್ಕರ್ಧ ಹೆಸರೇ ಮಾಯ. ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕಿ ತರುವ ವಿಲುಕಪ್ ಸೂತ್ರ ಸರಿಯಿತ್ತು, ಆದರೂ ಸಾಲುಸಾಲಾಗಿ ದೋಷ. ಮರುದಿನವೂ ಕೂತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು. ಒಂದು ಕಡೆ 560010 ಎಂದಿತ್ತು, ಇನ್ನೊಂದು ಕಡೆ 560 010. ನಡುವೆ ಒಂದು ಖಾಲಿ ಜಾಗ! ಅವತ್ತು ಅವಳ ಮುಖ ನೋಡಬೇಕಿತ್ತು. ಮನೆಗೆ ಹೊರಡುವ ಮುನ್ನ ಅಂದು ಬಳಸಿದ ಸೂತ್ರಗಳನ್ನು ಹಳೆ ಪ್ರೂಫ್ ಹಾಳೆಯ ಹಿಂದೆ, ಪರದೆ ನೋಡದೆ, ಬರೆದಿಡುವುದು ಅವಳ ರೂಢಿ. ಇವತ್ತು ಯಾರ ಫೈಲ್ ಕೆಟ್ಟರೂ ಅವಳನ್ನೇ ಕರೆಯುತ್ತೇವೆ. ಸರ್ಟಿಫಿಕೇಟ್ ಒಂದೂ ಇಲ್ಲ.

ನಿಮಗೋ, ಕಲಿಯುವ ಸಾಮಗ್ರಿ ಮೇಜಿನ ಮೇಲೇ ಬಿದ್ದಿದೆ. ಬಿಲ್ಲಿಂಗ್‌ನಲ್ಲಿರುವವರಿಗೆ ಬಾಕಿ ವಸೂಲಿಯ ತಲೆನೋವು ನಾನು ಹೇಳಬೇಕೆ? 30 ದಿನ ದಾಟಿದ ಬಾಕಿ ಎಷ್ಟು, 60 ದಾಟಿದ್ದೆಷ್ಟು, 90 ದಾಟಿದ್ದೆಷ್ಟು, ಯಾವ ಗ್ರಾಹಕ ಪ್ರತಿ ಸಲ ತಡಮಾಡುತ್ತಾನೆ? ಕಂಪನಿಯ ದತ್ತಾಂಶ ಮನೆಗೆ ತರಬೇಡಿ. ಅದೇ ನಮೂನೆಯ ಇನ್ನೂರು ಸುಳ್ಳು ಬಿಲ್ ನೀವೇ ಸೃಷ್ಟಿಸಿ, ಖಾಲಿ ಪರದೆಯಲ್ಲಿ ಕ್ವೆರಿ, ಅಂದರೆ ದತ್ತಾಂಶದಿಂದ ಬೇಕಾದದ್ದನ್ನು ಕೇಳುವ ಆದೇಶ, ಬರೆಯಿರಿ. ಸಿಕ್ಕಿಹಾಕಿಕೊಂಡಾಗ ಮಾತ್ರ ಪಾಠ ತೆರೆಯಿರಿ, ಬೇಕಾದದ್ದು ಸಿಕ್ಕಕೂಡಲೇ ಮುಚ್ಚಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹತ್ತಿದ ಮೇಲೆ ಫೋನ್ ಜೇಬಿನಲ್ಲಿರಲಿ, ನಿನ್ನೆ ಬರೆದದ್ದನ್ನು ಮನಸ್ಸಿನಲ್ಲೇ ಮತ್ತೆ ಬರೆಯಿರಿ. ಇನ್ನು ಐದಕ್ಕೆ ಏಳುವ ವ್ರತ. ಹನ್ನೆರಡಕ್ಕೆ ಮಲಗುವವರು ಅದನ್ನು ಇವತ್ತೇ ಕೈಬಿಡಿ. ಕಲಿತದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ.

ಇಷ್ಟಾಗಿ, ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟಲಾರೆ. ಕೈಯಿಂದ ಕಲಿಯುವುದಕ್ಕೆ ಮರ್ಯಾದೆ ಕೊಟ್ಟ ಊರು ಇದು. ಭದ್ರಾವತಿ ಕಾರ್ಖಾನೆಯ ಸೇವೆಗೆ ತಮಗೆ ಸಲ್ಲಬೇಕಾದ ಹಣವನ್ನು ಸರ್ ಎಂ.ವಿ. ಮುಟ್ಟದೆ, ಕಸುಬು ಕಲಿಸುವ ಶಾಲೆಗೆ ಕೊಡಿ ಎಂದರು. 1943ರಲ್ಲಿ ಆದ ಆ ಸಂಸ್ಥೆಗೆ ತಮ್ಮ ಹೆಸರನ್ನೂ ಒಪ್ಪದೆ ಮಹಾರಾಜರ ಹೆಸರಿಡಿಸಿದರು. ಇವತ್ತಿನ ಎಸ್‌ಜೆಪಿ, ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಅದೇ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಯಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಹಿರಿಯ ಕೆಲಸಗಾರನ ಪಕ್ಕ ನಿಂತು ಕಲಿತವರ ಮನೆಗಳು ಬೆಂಗಳೂರಿನ ಎಷ್ಟು ಬಡಾವಣೆಗಳಲ್ಲಿಲ್ಲ! ಈಗ ಹೊಸಬರ ಹುದ್ದೆಗೂ ಎರಡು ವರ್ಷದ ಅನುಭವ ಕೇಳುತ್ತಾರೆ. ಆ ಅನುಭವ ಕೊಡುವವರು ಯಾರು? ಕಂಪನಿ ಕಲಿಸುವುದನ್ನು ಬಿಟ್ಟದ್ದಕ್ಕೇ ಬಿಟಿಎಂ, ಮಾರತ್‌ಹಳ್ಳಿಗಳ ಗಲ್ಲಿಗಲ್ಲಿಯಲ್ಲಿ ತರಬೇತಿ ಬೋರ್ಡುಗಳು ಎದ್ದಿರುವುದು, ನಿಮ್ಮ ಸಂಬಳ ಅಲ್ಲಿಗೆ ಹೋಗುತ್ತಿರುವುದು.

1961ರ ಅಪ್ರೆಂಟಿಸ್ ಕಾಯ್ದೆ ಇನ್ನೂ ಜಾರಿಯಲ್ಲಿದೆ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎನ್ನುತ್ತವೆ ಅದರ ನಿಯಮಗಳು. ಈ ಪತ್ರಿಕೆ ಓದುವ ಉದ್ಯಮಿಗಳೂ ಮ್ಯಾನೇಜರುಗಳೂ ಇದ್ದೀರಿ. ನಿಮ್ಮ ಕಚೇರಿಯಲ್ಲಿ ಅಂಥವರು ಎಷ್ಟು ಜನ ಇದ್ದಾರೆ, ಅವರ ಪಕ್ಕ ಕೂತು ಕೆಲಸ ಹೇಳಿಕೊಡುವವರು ಯಾರು ಎಂಬುದನ್ನು ಬರೆದು ಕಳಿಸಿ. ಪ್ರಕಟಿಸುತ್ತೇನೆ.