ಸಂಪಾದಕರ ಉತ್ತರ: ನೃತ್ಯ ಸಂಘದ ಸಮಿತಿಗೆ ಬನ್ನಿ ಎಂದು ಕರೆದಾಗ

ಮಾನ್ಯರೇ,

ತೀರ್ಥಹಳ್ಳಿ ಕಡೆಯಿಂದ ನೀವು ಬರೆದ ಪತ್ರ ತಲುಪಿತು. ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದೀರಿ, ಆದ್ದರಿಂದ ನಿಮ್ಮ ಹೆಸರನ್ನಾಗಲಿ ಸಂಘದ ಹೆಸರನ್ನಾಗಲಿ ಇಲ್ಲಿ ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರಾಂಶ ಇಷ್ಟು: ನಿಮ್ಮ ಮಗಳು ಭರತನಾಟ್ಯ ಕಲಿಯುತ್ತಿರುವ ಸಂಘದ ಕಾರ್ಯಕಾರಿ ಸಮಿತಿಗೆ ಸೇರುವಂತೆ ಅವಳ ಗುರುಗಳು ನಿಮ್ಮನ್ನು ಕೇಳಿದ್ದಾರೆ. ನಿಮಗೆ ನೃತ್ಯ ಬಾರದು. ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನಿಮ್ಮದು. ಖಜಾಂಚಿ ಗುರುಗಳ ಸ್ವಂತ ತಮ್ಮ. "ಹೆಸರಿಗೆ ಮಾತ್ರ ಇರುವುದಾದರೆ ನನಗೆ ಬೇಡ, ನಿಜವಾಗಿ ಇರಬೇಕೆಂದರೆ ಗುರುಗಳ ಎದುರು ಲೆಕ್ಕ ಕೇಳುವ ಬಾಯಿ ನನಗಿಲ್ಲ, ಏನು ಮಾಡಲಿ?" ಎಂಬುದು ನಿಮ್ಮ ಪ್ರಶ್ನೆ.

ಒಪ್ಪಿಕೊಳ್ಳಿ ಎಂಬುದು ನನ್ನ ಸಲಹೆ. ಆದರೆ ಒಪ್ಪುವ ಮೊದಲು ಸಂಘದ ಬೈಲಾ, ಕಳೆದ ಎರಡು ವರ್ಷಗಳ ಲೆಕ್ಕಪರಿಶೋಧನಾ ವರದಿ ಮತ್ತು ನಡಾವಳಿ ಪುಸ್ತಕ ಇವುಗಳನ್ನು ಓದಲು ಕೇಳಿ. ಸೇರುವ ಮೊದಲೇ ಕೇಳಿದರೆ ಅದು ತಿಳಿದುಕೊಳ್ಳುವ ಆಸಕ್ತಿಯಾಗಿ ಕಾಣುತ್ತದೆ. ಸೇರಿದ ಒಂದು ವರ್ಷದ ನಂತರ ಕೇಳಿದರೆ ಅದೇ ಮಾತು ಸಂಶಯವಾಗಿ ಕೇಳಿಸುತ್ತದೆ. ಈ ಮೂರನ್ನು ತೋರಿಸಲು ಹಿಂದೆಮುಂದೆ ನೋಡುವ ಸಂಘವಾದರೆ ಮಗಳು ಅಲ್ಲಿ ಕಲಿಯುವುದನ್ನು ಮುಂದುವರಿಸಲಿ, ನೀವು ಮಾತ್ರ ಸಹಿ ಹಾಕುವ ಜಾಗದಲ್ಲಿ ಕೂರಬೇಡಿ.

ನಮ್ಮ ಭಾಗದ ಹೆಚ್ಚಿನ ಕಲಾಸಂಘಗಳು ಹುಟ್ಟುವ ರೀತಿಯೇ ಬೇರೆ. ಮೊದಲು ಗುರುಗಳು ಮನೆಯ ಹಜಾರದಲ್ಲಿ ನಾಲ್ಕು ಮಕ್ಕಳಿಗೆ ಪಾಠ ಶುರು ಮಾಡುತ್ತಾರೆ, ಮಕ್ಕಳು ಹೆಚ್ಚಿದ ಮೇಲೆ ಕಲ್ಯಾಣ ಮಂಟಪದ ಮಹಡಿಗೋ ಶಾಲೆಯ ಕೊಠಡಿಗೋ ಹೋಗುತ್ತಾರೆ, ಸರ್ಕಾರದ ಧನಸಹಾಯಕ್ಕೆ ಅರ್ಜಿ ಹಾಕುವ ಹೊತ್ತಿಗೆ ನೋಂದಣಿ ಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಮಂದಿ ಬೇಕಾದ್ದರಿಂದ ಮನೆಯವರು, ಹತ್ತಿರದ ಬಂಧುಗಳು ಮತ್ತು ಒಬ್ಬಿಬ್ಬರು ಪೋಷಕರು ಸಹಿ ಹಾಕುತ್ತಾರೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ; ಆ ದಿನಗಳಲ್ಲಿ ಆ ಏಳು ಜನ ಬಿಟ್ಟರೆ ಸಹಿ ಹಾಕಲು ಬೇರೆ ಯಾರೂ ಇರುವುದಿಲ್ಲ. ತೊಂದರೆ ಬರುವುದು ಇಪ್ಪತ್ತು ವರ್ಷ ಕಳೆದ ಮೇಲೂ ಅದೇ ಏಳು ಜನ ಉಳಿದು, ಸಂಘದ ಹಣವೂ ಮನೆಯ ಹಣವೂ ಒಂದೇ ಕಪಾಟಿನಿಂದ ಬಂದು ಹೋಗುತ್ತಿರುವಾಗ. ನೋಂದಣಿಯಾದ ದಿನದಿಂದ ಆ ಹಣ ಗುರುಗಳದ್ದಲ್ಲ, ಸಮಿತಿಯದ್ದೂ ಅಲ್ಲ, ಸಂಘದ್ದು. ಪ್ರತಿ ವರ್ಷ ಮಹಾಸಭೆ ನಡೆದ 14 ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಕಾಯ್ದೆ ಹೇಳುವುದು ಅದಕ್ಕಾಗಿಯೇ. ನೀವು ಸೇರಿದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು, ವಿಳಾಸ, ಉದ್ಯೋಗ ಎಲ್ಲವೂ ಇರುತ್ತವೆ.

ಈಗ ಲೆಕ್ಕ ಕೇಳುವ ಬಾಯಿಯ ವಿಷಯ. ಗುರುಗಳ ಪಾದ ಮುಟ್ಟಿ ನಮಸ್ಕರಿಸಿದ ಕೈಯಲ್ಲೇ ಅವರ ತಮ್ಮನ ವೋಚರು ತಿರುವಿಹಾಕುವುದು ನಮ್ಮ ಸಂಸ್ಕಾರಕ್ಕೆ ಕಷ್ಟವಾಗುತ್ತದೆ ಎಂಬುದು ನಿಜ, ಆ ಸಂಕೋಚವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಒಮ್ಮೆ ವಾರ್ಷಿಕೋತ್ಸವದ ಲೆಕ್ಕವನ್ನೇ ಕಣ್ಣಮುಂದೆ ತಂದುಕೊಳ್ಳಿ. ಪೋಷಕರು ಮಗುವಿಗೆ ಇಷ್ಟೆಂದು ವೇಷಭೂಷಣದ ಹಣ ಕೊಟ್ಟಿರುತ್ತಾರೆ. ಅದರಲ್ಲಿ ಹೊಲಿಗೆಯವರಿಗೆ ಒಂದು ಪಾಲು, ಆಭರಣದ ಬಾಡಿಗೆಗೆ ಒಂದು ಪಾಲು, ಪ್ರಸಾಧನದವರಿಗೆ ಒಂದು ಪಾಲು ಹೋಗುತ್ತದೆ. ಮೃದಂಗದವರಿಗೆ, ಹಾಡುವವರಿಗೆ, ಕೊಳಲಿನವರಿಗೆ ಸಂಭಾವನೆಯನ್ನು ತಾಂಬೂಲದ ತಟ್ಟೆಯಲ್ಲಿಟ್ಟು ಕೊಡುವುದು ರೂಢಿ, ಹಾಗಾಗಿ ರಶೀದಿ ಕೇಳಲು ಎಲ್ಲರೂ ಹಿಂಜರಿಯುತ್ತಾರೆ. ರಾತ್ರಿ ಹತ್ತಕ್ಕೆ ಪರದೆ ಬಿದ್ದಾಗ ಧ್ವನಿ ಮತ್ತು ಬೆಳಕಿನವರು ಬಾಕಿ ಕೇಳುತ್ತಾರೆ, ಗುರುಗಳು ತಮ್ಮ ಪರ್ಸಿನಿಂದ ತೆಗೆದು ಕೊಡುತ್ತಾರೆ. ಆ ಹಣ ಎಲ್ಲಿಯೂ ಬರೆದಿರುವುದಿಲ್ಲ. ಹೀಗೆ ಲೆಕ್ಕವಿಲ್ಲದ ಸಂಘಗಳಲ್ಲಿ ಹೆಚ್ಚಾಗಿ ಕೈಯಿಂದ ಕಳೆದುಕೊಳ್ಳುವವರು ಗುರುಗಳೇ, ಮತ್ತು ಮುಂದೆ ಯಾರಾದರೂ ಬೆರಳು ತೋರಿಸಿದಾಗ ತಾವು ಹಾಕಿದ ಹಣಕ್ಕೆ ಆಧಾರವಿಲ್ಲದೆ ನಿಲ್ಲುವವರೂ ಅವರೇ. ನೀವು ವೋಚರು ಬರೆಸುವುದು ಅವರ ವಿರುದ್ಧದ ಕೆಲಸವಲ್ಲ. ಸಂಭಾವನೆಯನ್ನು ತಾಂಬೂಲದೊಡನೆ ಕೊಟ್ಟು, ಮರುದಿನ ಬೆಳಿಗ್ಗೆ ವೋಚರಿಗೆ ಸಹಿ ತರಿಸಿಕೊಳ್ಳುವುದರಿಂದ ಯಾರ ಗೌರವಕ್ಕೂ ಕುಂದು ಬರುವುದಿಲ್ಲ.

ಆದ್ದರಿಂದ ಮೊದಲ ಸಭೆಯಲ್ಲಿ ಖಜಾಂಚಿಯನ್ನು ಬದಲಿಸಿ ಎನ್ನಬೇಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಒಂದೇ ಮನೆಯವರಾಗದಿರಲಿ ಎಂದಷ್ಟೇ ಸೂಚಿಸಿ. ಎರಡನೆಯ ಸಹಿ ನಿಮ್ಮದಾದರೆ ಇನ್ನೂ ಒಳ್ಳೆಯದು, ನಿಮ್ಮ ಉದ್ಯೋಗದಲ್ಲಿ ನಿತ್ಯ ಮಾಡುವ ಕೆಲಸವೇ ಅದು. ದೇಣಿಗೆಗೆಲ್ಲ ರಶೀದಿ ಹರಿಯಲಿ. ಆದಾಯ ತೆರಿಗೆಯಲ್ಲಿ 80ಜಿ ಎಂದು ಜನ ಕರೆಯುವ ರಿಯಾಯಿತಿ ಸಂಘಕ್ಕಿದ್ದರೂ, 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ದಾನಿಗೆ ಸಿಗುವುದಿಲ್ಲ ಎಂಬುದನ್ನು ಅಡಿಕೆ ಮಂಡಿಯವರ ಬಳಿ ಹೋಗುವ ಮೊದಲೇ ತಿಳಿದಿರಬೇಕು.

ನಡಾವಳಿ ಪುಸ್ತಕದ ಬಗ್ಗೆ ಒಂದು ಮಾತು. "ಖರ್ಚುವೆಚ್ಚವನ್ನು ಓದಿ ಅಂಗೀಕರಿಸಲಾಯಿತು" ಎಂಬ ಒಂದೇ ಸಾಲು ಪುಟ ಪುಟದಲ್ಲೂ ಕಂಡರೆ ಅಲ್ಲಿ ಸಭೆ ನಡೆದಿಲ್ಲ, ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿದೆ ಎಂದೇ ಹೆಚ್ಚಿನ ಸಲ ಅರ್ಥ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಎಷ್ಟು ಮೊತ್ತಕ್ಕೆ, ಯಾರಿಂದ ದರಪಟ್ಟಿ ತರಿಸಲಾಗಿತ್ತು ಎಂಬುದು ಇರಬೇಕು. ನಿಮಗೆ ಒಪ್ಪಿಗೆಯಾಗದ ನಿರ್ಣಯವಿದ್ದರೆ ಜಗಳ ಬೇಡ, "ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಿ" ಎಂದು ಹೇಳಿ ಅದನ್ನು ಬರೆಸಿದ ಮೇಲೆಯೇ ಸಹಿ ಮಾಡಿ.

ನೀವು ಪತ್ರದಲ್ಲಿ ಎತ್ತದ ಒಂದು ವಿಷಯವನ್ನು ನಾನೇ ಎತ್ತುತ್ತೇನೆ. ಸಮಿತಿಯಲ್ಲಿರುವ ತಾಯಿಯ ಮಗಳಿಗೆ ಏಕವ್ಯಕ್ತಿ ನೃತ್ಯ ಸಿಕ್ಕಿತು, ರಂಗಪ್ರವೇಶದ ದಿನಾಂಕ ಮೊದಲು ಸಿಕ್ಕಿತು ಎಂಬ ಮಾತು ಬಂದೇ ಬರುತ್ತದೆ, ಅವಳು ಎಷ್ಟೇ ಚೆನ್ನಾಗಿ ಕುಣಿದರೂ ಬರುತ್ತದೆ. ಯಾವ ಮಗು ಯಾವ ಕೃತಿಗೆ ಸಿದ್ಧವಾಗಿದೆ ಎಂಬುದು ಗುರುಗಳ ತೀರ್ಮಾನ, ಸಮಿತಿ ಅದರಲ್ಲಿ ಕೈ ಹಾಕಲೇಬಾರದು. ಮಗಳಿಗೆ ಸಂಬಂಧಿಸಿದ ಹಣದ ವಿಷಯ ಬಂದಾಗ ನೀವು ಎದ್ದು ಹೊರಗೆ ಹೋಗಿ, ಹೋದದ್ದೂ ನಡಾವಳಿಯಲ್ಲಿ ಬರಲಿ.

ಹಾಗಾದರೆ ಸಮಿತಿಗೆ ಸೇರಿದ್ದು ಯಾವುದು? ಹಣ, ಜಾಗ, ದಿನಾಂಕ ಮತ್ತು ಮಕ್ಕಳ ಸುರಕ್ಷತೆ. ಜುಲೈ ಮಳೆಗೆ ಶಾಲೆಗೆ ರಜೆ ಕೊಟ್ಟಾಗ ತರಗತಿಯೂ ನಿಲ್ಲುತ್ತದೆ. ಆ ವಾರಗಳ ಶುಲ್ಕವೇನು ಎಂಬುದನ್ನು ಜೂನ್‌ಗೆ ಮೊದಲೇ ನಿರ್ಧರಿಸಿದರೆ ಪೋಷಕರ ಗೊಣಗಾಟ ಗುರುಗಳ ಕಿವಿಗೆ ಬೀಳುವುದಿಲ್ಲ. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ ಇಟ್ಟರೆ ಅಡಿಕೆ ಕೊಯ್ಲಿನ ಮನೆಗಳಿಂದ ಯಾರೂ ಬರಲಾರರು, ಮಾರ್ಚ್ ಪರೀಕ್ಷೆಯ ತಿಂಗಳು. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಕಾರ್ಯಕ್ರಮವೆಂದರೆ ತೀರ್ಥಹಳ್ಳಿಯ ಮಕ್ಕಳು ರಾತ್ರಿ ಸುಮಾರು 60 ಕಿಲೋಮೀಟರ್ ಹಿಂದಿರುಗಬೇಕು, ವಾಹನಕ್ಕೆ ಯಾರು ಹೊಣೆ ಎಂಬುದು ಮೊದಲೇ ಕಾಗದದಲ್ಲಿರಬೇಕು. ವೇಷ ಬದಲಿಸುವ ಕೋಣೆಗೆ ತಾಯಂದಿರಲ್ಲದೆ ಬೇರೆ ಯಾರೂ ಹೋಗಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. "ಸಂಘದ ಮರ್ಯಾದೆ" ಎಂದು ಮುಚ್ಚಿಡುವ ಅಧಿಕಾರ ಯಾವ ಸಮಿತಿಗೂ ಇಲ್ಲ.

ನೃತ್ಯ ಬಾರದವರಿಗೆ ಇಲ್ಲೇನು ಕೆಲಸ ಎಂಬ ನಿಮ್ಮ ಹಿಂಜರಿಕೆಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ ಹಳ್ಳಿಯ ಅಡಿಕೆ ಬೆಳೆಗಾರರು ಸೇರಿ ಕಟ್ಟಿದ ಸಂಘ. ಅದರ ಸ್ಥಾಪಕರಲ್ಲಿ ಪ್ರಮುಖರಾದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಅದರ ನಾಟಕಗಳತ್ತ ನೋಡಿತು. ಶಿವಮೊಗ್ಗದ ಕರ್ನಾಟಕ ಸಂಘವೂ 1930ರಿಂದ ನಡೆದು ಬಂದಿದೆ. ಇಷ್ಟು ದೀರ್ಘಕಾಲ ಸಂಸ್ಥೆಯೊಂದು ಬಾಳಬೇಕಾದರೆ ವೇದಿಕೆ ಹತ್ತದೆ ಸಭೆಗೆ ಬಂದು ಕೂರುವವರು ತಲೆಮಾರು ತಲೆಮಾರಿಗೆ ಸಿಗಬೇಕು.

ಕೊನೆಯದಾಗಿ, ಒಂದು ಅವಧಿಗೆ ಮಾತ್ರ ಎಂದು ಮೊದಲೇ ತಿಳಿಸಿ ಸೇರಿ. ಪೂರ್ತಿ ಒಪ್ಪಿಕೊಳ್ಳಲು ಇನ್ನೂ ಧೈರ್ಯ ಸಾಲದಿದ್ದರೆ ಈ ವರ್ಷದ ವಾರ್ಷಿಕೋತ್ಸವದ ಹಣಕಾಸು ಉಪಸಮಿತಿಯಲ್ಲಿ ಕೆಲಸ ಮಾಡಿ, ಖರ್ಚಿನ ಪಟ್ಟಿಯನ್ನು ವೋಚರುಗಳೊಡನೆ ನೀವೇ ಬರೆದು ಮಹಾಸಭೆಯಲ್ಲಿ ಓದಿ. ಅದನ್ನು ಗುರುಗಳು ಮತ್ತು ಅವರ ತಮ್ಮ ಹೇಗೆ ಸ್ವೀಕರಿಸುತ್ತಾರೆ ಎಂಬುದನ್ನು ನೋಡಿ ಮುಂದಿನ ವರ್ಷದ ಚುನಾವಣೆಗೆ ಹೆಸರು ಕೊಡುವುದೋ ಬೇಡವೋ ನಿರ್ಧರಿಸಬಹುದು.

ವಂದನೆಗಳೊಂದಿಗೆ,
ಸಂಪಾದಕ