ಕಂಫರ್ಟ್ ಪ್ಯಾಕೇಜಾ, ಪರ್ಫಾರ್ಮೆನ್ಸ್ ಪ್ಯಾಕೇಜಾ? ಹೆಸರು ಬಿಡಿ, ಒಳಗೇನಿದೆ ನೋಡಿ

ಪ್ರಶ್ನೆ: ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬುಕ್ ಮಾಡುವ ಹಂತದಲ್ಲಿದ್ದೇನೆ. ಬೇಸ್ ಮಾಡೆಲ್ ಮೇಲೆ ಒಂದೇ ಪ್ಯಾಕೇಜಿಗೆ ಸಾಲುವಷ್ಟು ಹಣ ಉಳಿದಿದೆ. ಕಂಫರ್ಟ್ ಪ್ಯಾಕೇಜಿನಲ್ಲಿ ಬಿಸಿ ಮತ್ತು ತಂಪು ಮಾಡುವ ಸೀಟು, ಒಳ್ಳೆಯ ಸೌಂಡ್ ಸಿಸ್ಟಂ, ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಇವೆ. ಪರ್ಫಾರ್ಮೆನ್ಸ್ ಪ್ಯಾಕೇಜಿನಲ್ಲಿ ದೊಡ್ಡ ಬ್ರೇಕ್, ಹೆಚ್ಚುವರಿ ಕೂಲಿಂಗ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವ ಭಾಗ), ಅಗಲದ ಟೈರ್, ಸ್ಪೋರ್ಟ್ಸ್ ಎಕ್ಸಾಸ್ಟ್, ಅಡಾಪ್ಟಿವ್ ಸಸ್ಪೆನ್ಷನ್ ಇವೆ. ಕಾರು ದಿನವೂ ಆಫೀಸಿಗೆ ಹೋಗುತ್ತದೆ. ರಜೆಯಲ್ಲಿ ಹೈವೇ, ಬೆಟ್ಟದ ರಸ್ತೆ. ವರ್ಷಕ್ಕೊಮ್ಮೆಯಾದರೂ ಟ್ರ್ಯಾಕ್‌ಗೆ ಹೋಗಬೇಕೆಂಬ ಆಸೆ ಇದೆ. ಹೆಂಡತಿಗೆ ಸೊಂಟನೋವು. ಗೆಳೆಯರು ಮಾತ್ರ ‘ಪರ್ಫಾರ್ಮೆನ್ಸ್ ಪ್ಯಾಕೇಜ್ ಇಲ್ಲದ ಸ್ಪೋರ್ಟ್ಸ್ ಕಾರು ಯಾಕೆ’ ಅಂತಾರೆ. ಯಾವುದನ್ನು ತಗೊಳ್ಳಲಿ?

ಉತ್ತರ: ಗೆಳೆಯರ ಮಾತನ್ನು ಸ್ವಲ್ಪ ಪಕ್ಕಕ್ಕಿಡಿ. ಕಂತು ಕಟ್ಟುವವರು ಅವರಲ್ಲ. ಸೊಂಟನೋವು ಇರುವವರ ಪಕ್ಕ ಕೂತು ಗುಂಡಿ ದಾಟಿಸಬೇಕಾದವರೂ ಅವರಲ್ಲ.

ನಿಮ್ಮ ಪಟ್ಟಿ ನೋಡಿದರೆ ನಾನು ಪರ್ಫಾರ್ಮೆನ್ಸ್ ಪ್ಯಾಕೇಜ್ ಕಡೆಗೇ ವಾಲುತ್ತೇನೆ. ಆದರೆ ಗೆಳೆಯರು ಹೇಳುವ ಕಾರಣಕ್ಕಲ್ಲ. ಆ ಪಟ್ಟಿಯ ಕೊನೆಯಲ್ಲಿ ನೀವು ಸುಮ್ನೆ ಸೇರಿಸಿರುವ ಅಡಾಪ್ಟಿವ್ ಸಸ್ಪೆನ್ಷನ್‌ಗಾಗಿ. ಎರಡೂ ಪ್ಯಾಕೇಜುಗಳಲ್ಲಿ ನಿಮ್ಮ ಹೆಂಡತಿಯ ಸೊಂಟಕ್ಕೆ ಹೆಚ್ಚು ಉಪಕಾರ ಮಾಡುವ ಭಾಗ ಅದೇ. ಅದು ಯಾವ ತಲೆಬರಹದ ಕೆಳಗೆ ಬಂದಿದೆ ಅನ್ನುವುದು ಕಂಪನಿಯ ಮಾರಾಟ ವಿಭಾಗದವರ ಲೆಕ್ಕಾಚಾರ, ಅಷ್ಟೇ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯ ಶಾಕ್ ಅಬ್ಸಾರ್ಬರ್ (ಡ್ಯಾಂಪರ್ ಅನ್ನುವುದೂ ಇದನ್ನೇ) ಒಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ಹಾಯುತ್ತದೆ. ತೂತಿನ ಅಳತೆ ಕಾರ್ಖಾನೆಯಲ್ಲೇ ನಿಗದಿ. ಹಾಗಾಗಿ ಎಂಜಿನಿಯರ್ ಒಂದೇ ಸಲ ತೀರ್ಮಾನ ಮಾಡಬೇಕು. ಮೃದು ಮಾಡಿದರೆ ತಿರುವಿನಲ್ಲಿ ಕಾರು ವಾಲುತ್ತದೆ. ಬಿಗಿ ಮಾಡಿದರೆ ಪ್ರತಿ ಹಂಪ್ ಬೆನ್ನಿಗೆ ಹೊಡೆಯುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಬಿಗಿ ಮಾಡುವುದೇ ರೂಢಿ. ಅಡಾಪ್ಟಿವ್ ಡ್ಯಾಂಪರ್‌ನಲ್ಲಿ ಈ ತೀರ್ಮಾನ ರಸ್ತೆಯ ಮೇಲೆ ಆಗುತ್ತದೆ. ಕೆಲವು ಕಾರುಗಳಲ್ಲಿ ವಿದ್ಯುತ್ ವಾಲ್ವ್ ಎಣ್ಣೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಇನ್ನು ಕೆಲವದರಲ್ಲಿ ಎಣ್ಣೆಯಲ್ಲೇ ಕಬ್ಬಿಣದ ಅತಿ ಸಣ್ಣ ಕಣಗಳಿರುತ್ತವೆ. ಡ್ಯಾಂಪರ್ ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಣಗಳು ಸಾಲುಗಟ್ಟುತ್ತವೆ, ಎಣ್ಣೆ ಗಟ್ಟಿಯಾದ ಹಾಗೆ ವರ್ತಿಸುತ್ತದೆ. ಕರೆಂಟ್ ತೆಗೆದರೆ ಮತ್ತೆ ತೆಳು. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳ ಕೆಲಸ.

ಈ ಮ್ಯಾಗ್ನೆಟಿಕ್ ಡ್ಯಾಂಪರ್ ಮೊದಲು ಬಂದದ್ದು ಯಾವ ಕಾರಿನಲ್ಲಿ ಗೊತ್ತಾ? 2002ರ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ. ಅದು ಮೆತ್ತಗೆ ಹೋಗುವ ದೊಡ್ಡ ಐಷಾರಾಮಿ ಸೆಡಾನ್. ಮರುವರ್ಷದ ಮಾಡೆಲ್‌ನಲ್ಲಿ ಅದೇ ತಂತ್ರ ಷೆವರ್ಲೆ ಕಾರ್ವೆಟ್‌ಗೂ ಬಂತು. ಸೆಡಾನ್‌ನಲ್ಲಿದ್ದಾಗ ಅದು ಕಂಫರ್ಟ್ ಆಗಿತ್ತು, ಕಾರ್ವೆಟ್‌ಗೆ ಬಂದ ಮೇಲೆ ಪರ್ಫಾರ್ಮೆನ್ಸ್ ಆಯಿತು! ಮಾಡುವ ಕೆಲಸ ಮಾತ್ರ ಎರಡು ಕಡೆಯೂ ಒಂದೇ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಅಡಾಪ್ಟಿವ್ ಡ್ಯಾಂಪರ್ ಬದಲಿಸುವುದು ಡ್ಯಾಂಪಿಂಗ್ ಅನ್ನು, ಅಂದರೆ ಸ್ಪ್ರಿಂಗಿನ ಕುಣಿತಕ್ಕೆ ಹಾಕುವ ತಡೆಯನ್ನು ಮಾತ್ರ. ಲೋಹದ ಸ್ಪ್ರಿಂಗ್ ಎಷ್ಟು ಗಟ್ಟಿ ಇತ್ತೋ ಅಷ್ಟೇ ಇರುತ್ತದೆ. ‘ಕಂಫರ್ಟ್ ಮೋಡ್ ಒತ್ತಿ ಸಾರ್, ಸೋಫಾ ಆಗುತ್ತೆ’ ಅಂತ ಷೋರೂಮಿನಲ್ಲಿ ಹೇಳಿದರೆ ನಂಬಬೇಡಿ. ಕೆಲವು ಪ್ಯಾಕೇಜುಗಳಲ್ಲಿ ಅಡಾಪ್ಟಿವ್ ಡ್ಯಾಂಪರ್ ಜೊತೆಗೇ ಗಟ್ಟಿ ಸ್ಪ್ರಿಂಗ್ ಮತ್ತು ದಪ್ಪ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಬರುತ್ತವೆ. ಪೋರ್ಷೆ 911ರಲ್ಲಿ ಅಡಾಪ್ಟಿವ್ ಡ್ಯಾಂಪರ್ ಇರುವ ಮಾಮೂಲಿ ಸಸ್ಪೆನ್ಷನ್ ಬೇರೆ, ಕಾರನ್ನು 10 ಮಿ.ಮೀ. ಕೆಳಗಿಳಿಸುವ ಸ್ಪೋರ್ಟ್ ಸಸ್ಪೆನ್ಷನ್ ಬೇರೆ. ಎರಡರಲ್ಲೂ ಬಟನ್ ಇದೆ. ಬೆನ್ನಿಗೆ ಆಗುವ ಅನುಭವ ಒಂದೇ ಅಲ್ಲ. ನಿಮ್ಮ ಕಾರಿನ ಪ್ಯಾಕೇಜಿನಲ್ಲಿ ಸ್ಪ್ರಿಂಗ್ ಬದಲಾಗುತ್ತದಾ, ಕಾರಿನ ಎತ್ತರ ಕಡಿಮೆಯಾಗುತ್ತದಾ ಅಂತ ಕೇಳಿ. ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಸ್ಪ್ರಿಂಗ್ ತುಂಬಾ ಗಟ್ಟಿ ಅಂತ ಗೊತ್ತಾದರೆ ನನ್ನ ಸಲಹೆಯೂ ಬದಲಾಗುತ್ತದೆ.

ಈಗ ಟ್ರ್ಯಾಕ್ ವಿಷಯ. ಪರ್ಫಾರ್ಮೆನ್ಸ್ ಪ್ಯಾಕೇಜ್ ಅಂದರೆ ಜಾಸ್ತಿ ಪವರ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಾರ್ವೆಟ್‌ನ ಎಂಟನೇ ತಲೆಮಾರು 2020ರ ಮಾಡೆಲ್ ಆಗಿ ಬಂದಾಗ ಅದರ ಝಡ್ 51 ಪ್ಯಾಕೇಜ್ ಕೊಡುತ್ತಿದ್ದ ಹೆಚ್ಚುವರಿ ಪವರ್ ಬರೀ 5 ಹಾರ್ಸ್‌ಪವರ್. 490 ಇದ್ದದ್ದು 495 ಆಗುತ್ತಿತ್ತು, ಅದೂ ಎಕ್ಸಾಸ್ಟ್‌ನಿಂದ. ಇನ್ನೂ ತಮಾಷೆ ಅಂದರೆ ಆ ಪ್ಯಾಕೇಜ್ ಹಾಕಿದ ಕಾರಿನ ಗರಿಷ್ಠ ವೇಗ ಬೇಸ್ ಕಾರಿಗಿಂತ ಕಡಿಮೆ. ಬೇಸ್ ಕಾರು ಗಂಟೆಗೆ ಸುಮಾರು 312 ಕಿ.ಮೀ. ಮುಟ್ಟಿದರೆ ಇದು ಸುಮಾರು 296. ಹಿಂದಿನ ಸ್ಪಾಯ್ಲರ್ ಕಾರನ್ನು ನೆಲಕ್ಕೆ ಒತ್ತುತ್ತದೆ, ಜೊತೆಗೆ ಗಾಳಿಯ ತಡೆಯನ್ನೂ ಹೆಚ್ಚಿಸುತ್ತದೆ. ಆಕ್ಸಲ್ ಅನುಪಾತವೂ (ಚಕ್ರಕ್ಕೆ ಪವರ್ ಹೋಗುವ ಕೊನೆಯ ಗೇರಿನ ಅನುಪಾತ) ಬೇರೆ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಮುಖ್ಯವಾಗಿ ಶಾಖ ತಡೆಯುವುದಕ್ಕೆ. ರಸ್ತೆಯಲ್ಲಿ ಎಷ್ಟೇ ಜೋರಾಗಿ ಓಡಿಸಿದರೂ ಬ್ರೇಕಿಗೆ ಆಗಾಗ ಬಿಡುವು ಸಿಗುತ್ತದೆ. ಟ್ರ್ಯಾಕಿನಲ್ಲಿ ಸಿಗುವುದಿಲ್ಲ. ಇಪ್ಪತ್ತು ನಿಮಿಷದ ಒಂದು ಸುತ್ತಾಟದಲ್ಲಿ ಪ್ರತಿ ನೇರ ರಸ್ತೆಯ ಕೊನೆಗೂ ಪೂರ್ತಿ ಬ್ರೇಕ್. ಡಿಸ್ಕ್ ಕಾಯುತ್ತದೆ, ಪ್ಯಾಡ್ ಕಾಯುತ್ತದೆ, ಕೊನೆಗೆ ಬ್ರೇಕ್ ಆಯಿಲ್ ಕುದಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿಕೊಂಡ ಹಳೇ ಆಯಿಲ್‌ಗೆ ಆ ಮಿತಿ 155 ಡಿಗ್ರಿ ಅಷ್ಟೇ. ಕುದಿದ ಆಯಿಲ್‌ನಲ್ಲಿ ಗುಳ್ಳೆ ಬರುತ್ತದೆ. ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ದೊಡ್ಡ ಡಿಸ್ಕ್ ಶಾಖವನ್ನು ತಡೆದುಕೊಳ್ಳುತ್ತದೆ. ಹೆಚ್ಚುವರಿ ರೇಡಿಯೇಟರ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಆಯಿಲ್ ಅನ್ನು ಹದದಲ್ಲಿಡುತ್ತದೆ. ಅದಿಲ್ಲದಿದ್ದರೆ ಕಾರಿನ ಕಂಪ್ಯೂಟರೇ ಪವರ್ ಕಡಿತ ಮಾಡಿ ‘ಸಾಕು’ ಅನ್ನುತ್ತದೆ.

ನೀವು ನಿಜವಾಗಿ ಟ್ರ್ಯಾಕ್‌ಗೆ ಹೋಗುವವರಾದರೆ ಇದಕ್ಕೆ ಕೊಟ್ಟ ಹಣ ದಂಡವಲ್ಲ. ಆದರೆ ಪತ್ರದಲ್ಲಿ ‘ಆಸೆ ಇದೆ’ ಅಂತ ಬರೆದಿದ್ದೀರಿ. ಆಸೆ ಎಲ್ಲರಿಗೂ ಇರುತ್ತೆ, ಅಲ್ವಾ? ಈಗಿರುವ ಕಾರನ್ನು ಒಮ್ಮೆಯಾದರೂ ಟ್ರ್ಯಾಕ್‌ಗೆ ಒಯ್ದಿದ್ದೀರಾ? ಇಲ್ಲವಾದರೆ ಟ್ರ್ಯಾಕ್ ಹೆಸರಿನಲ್ಲಿ ಮಾತ್ರ ಈ ತೀರ್ಮಾನ ಮಾಡಬೇಡಿ. ವರ್ಷಕ್ಕೊಮ್ಮೆ ಹೋಗಿ ನಾಲ್ಕು ಸುತ್ತು ಹಾಕಿ, ಕಾರು ತಣಿಯಲು ಬಿಟ್ಟು, ಮತ್ತೆ ನಾಲ್ಕು ಸುತ್ತು ಹಾಕುವವರಿಗೆ ಬೇಸ್ ಕಾರಿನ ಬ್ರೇಕ್ ಸಾಕಾಗಬಹುದು. ಹೋಗುವ ಮುಂಚೆ ಹೊಸ ಬ್ರೇಕ್ ಆಯಿಲ್ ಮತ್ತು ಹೆಚ್ಚು ಶಾಖ ತಡೆಯುವ ಪ್ಯಾಡ್ ಹಾಕಿಸಿದರೆ ಇನ್ನೂ ನಿಶ್ಚಿಂತೆ. ಹಾಗೆಯೇ ಇನ್ಶೂರೆನ್ಸ್ ಕಾಗದ ಓದಿ. ಟ್ರ್ಯಾಕಿನಲ್ಲಿ ಆದ ಹಾನಿಗೆ ಸಾಮಾನ್ಯ ಪಾಲಿಸಿ ದುಡ್ಡು ಕೊಡದಿರುವುದೇ ಹೆಚ್ಚು.

ಇನ್ನು ಯಾವುದನ್ನು ಆಮೇಲೆ ಹಾಕಿಸಬಹುದು, ಯಾವುದನ್ನು ಆಗುವುದಿಲ್ಲ ಅನ್ನುವ ಲೆಕ್ಕ. ಹಣ ಒಂದೇ ಪ್ಯಾಕೇಜಿಗೆ ಸಾಲುವಾಗ ನಾನು ಮೊದಲು ನೋಡುವುದು ಇದನ್ನೇ. ಟೈರ್ ಹೇಗೂ ಸವೆಯುತ್ತದೆ, ಮುಂದಿನ ಸಲ ಬೇಕಾದ್ದು ಹಾಕಿಸಿಕೊಳ್ಳಬಹುದು. ಬ್ರೇಕ್ ಪ್ಯಾಡ್ ಒಂದು ಗಂಟೆಯ ಕೆಲಸ. ಸ್ಪೀಕರ್ ಹೊರಗಿನ ಅಂಗಡಿಯಲ್ಲಿ ಹಾಕಿಸಿದರೂ ಚೆನ್ನಾಗಿಯೇ ಕೇಳುತ್ತದೆ. ಅಡಾಪ್ಟಿವ್ ಸಸ್ಪೆನ್ಷನ್ ಹಾಗಲ್ಲ. ಅದಕ್ಕೆ ಸೆನ್ಸರ್, ವೈರಿಂಗ್, ಕಂಟ್ರೋಲ್ ಯೂನಿಟ್, ಸಾಫ್ಟ್‌ವೇರ್ ಎಲ್ಲ ಬೇಕು. ಹೆಚ್ಚುವರಿ ಕೂಲಿಂಗ್, ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಕೂಡ ಹಾಗೇ. ಆಮೇಲೆ ಹಾಕಿಸುತ್ತೇನೆ ಅಂತ ಹೊರಟರೆ ಖರ್ಚು ಎರಡು ಪಟ್ಟು, ಮೇಲೆ ವಾರಂಟಿ ತಕರಾರು.

ತಂಪು ಮಾಡುವ ಸೀಟೂ ಈ ಗುಂಪಿಗೇ ಸೇರುತ್ತದೆ. ಕುಷನ್ ಒಳಗೆ ಫ್ಯಾನ್, ತೂತಿರುವ ಚರ್ಮ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್. ಹೊರಗಿನವರು ಬಿಚ್ಚಿ ಜೋಡಿಸುವ ವಸ್ತುವಲ್ಲ ಅದು. ಹಾಗಾಗಿ ಕಂಫರ್ಟ್ ಪ್ಯಾಕೇಜ್ ಬಿಟ್ಟರೆ ನೀವು ನಿಜಕ್ಕೂ ಕಳೆದುಕೊಳ್ಳುವುದು ಸೀಟನ್ನು. ಸೌಂಡ್ ಸಿಸ್ಟಂ ಬಗ್ಗೆ ನನಗೆ ಚಿಂತೆ ಇಲ್ಲ. ಸ್ಪೋರ್ಟ್ಸ್ ಎಕ್ಸಾಸ್ಟ್ ಮತ್ತು ಅಗಲದ ಟೈರಿನ ಸದ್ದಿನಲ್ಲಿ ಹದಿನಾಲ್ಕು ಸ್ಪೀಕರ್ ಇದ್ದರೂ ಸೂಕ್ಷ್ಮ ಸಂಗೀತ ಕೇಳುವುದು ಕಷ್ಟವೇ.

ಬೆನ್ನಿಗೆ ಬಿಸಿ ಸೀಟಿಗಿಂತ ಮುಖ್ಯವಾದದ್ದು ಸೀಟಿನ ಆಕಾರ. ಸೊಂಟದ ಆಸರೆಯನ್ನು ಮುಂದೆ ಹಿಂದೆ, ಮೇಲೆ ಕೆಳಗೆ ಮಾಡಲು ಬರುತ್ತದಾ? ತೊಡೆಯ ಕೆಳಗಿನ ಕುಷನ್ ಓರೆ ಮಾಡಬಹುದಾ? ಇದು ಬೇಸ್ ಸೀಟಿನಲ್ಲೇ ಇದ್ದರೆ ಕಂಫರ್ಟ್ ಪ್ಯಾಕೇಜಿನ ಅರ್ಧ ಆಕರ್ಷಣೆ ಹೋಯಿತು. ಇಲ್ಲದಿದ್ದರೆ ಯೋಚಿಸಬೇಕು. ಹಾಗಂತ ಕಾರ್ಬನ್ ಬಕೆಟ್ ಸೀಟಿನ ಕಡೆ ಮಾತ್ರ ಹೋಗಬೇಡಿ. ನೋಡಲು ಚೆಂದ, ತೂಕವೂ ಕಡಿಮೆ. ಆದರೆ ಪೂರ್ತಿ ಬಕೆಟ್ ಸೀಟಿನಲ್ಲಿ ಬೆನ್ನಿನ ಓರೆ ಬದಲಿಸಲು ಬರುವುದಿಲ್ಲ. ಎತ್ತರದ ಅಂಚು ದಾಟಿ ಇಳಿಯುವುದು ಸೊಂಟನೋವಿನವರಿಗೆ ದಿನವೂ ಶಿಕ್ಷೆ.

ಚಕ್ರದ ಬಗ್ಗೆಯೂ ಒಂದು ಮಾತು. ಆಯ್ಕೆ ಇದ್ದರೆ ಚಿಕ್ಕ ಚಕ್ರವನ್ನೇ ಹಿಡಿಯಿರಿ. ಚಕ್ರ ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡವಾಗುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಬಾಗುವುದು ಸುಲಭವಾಗುತ್ತದೆ. ಚಳಿ ಪ್ರದೇಶದವರಾದರೆ ಪ್ಯಾಕೇಜಿನ ಟೈರ್ ಯಾವ ಬಗೆಯದು ಅಂತಲೂ ನೋಡಿ. ಸಮ್ಮರ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆಗ ಚಳಿಗಾಲಕ್ಕೆ ಇನ್ನೊಂದು ಜೊತೆ ಟೈರಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಬುಕ್ ಮಾಡುವ ಮುಂಚೆ ಟೆಸ್ಟ್ ಡ್ರೈವ್‌ಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಷೋರೂಮಿನ ಡೆಮೊ ಕಾರಿನಲ್ಲಿ ಸಾಮಾನ್ಯವಾಗಿ ಎಲ್ಲ ಆಪ್ಷನ್‌ಗಳೂ ತುಂಬಿರುತ್ತವೆ. ಅದನ್ನು ಓಡಿಸಿ ಬೇಸ್ ಕಾರಿನ ಬಗ್ಗೆ ತೀರ್ಮಾನ ಮಾಡಲು ಆಗುವುದಿಲ್ಲ. ನೀವು ಕೊಳ್ಳುವ ಸ್ಪ್ರಿಂಗ್, ಚಕ್ರ, ಸೀಟು ಇರುವ ಕಾರನ್ನೇ ಕೇಳಿ. ಅವರು ನಯವಾದ ರಸ್ತೆಗೆ ಕರೆದೊಯ್ಯುತ್ತಾರೆ, ನೀವು ಹಾಳಾದ ರಸ್ತೆಗೆ ತಿರುಗಿಸಿ. ಮುಕ್ಕಾಲು ಗಂಟೆಯಾದರೂ ಕೂರಿ. ಸೀಟಿನ ದೋಷ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಹೈವೇ ವೇಗದಲ್ಲಿ ಎಕ್ಸಾಸ್ಟ್ ‘ಗುಂಯ್’ ಅಂತ ಒಂದೇ ಸಮನೆ ಕೊರೆಯುತ್ತದಾ ಅಂತಲೂ ಕೇಳಿಸಿಕೊಳ್ಳಿ.

ಪಕ್ಕದ ಸೀಟಿನಿಂದ ‘ಪರವಾಗಿಲ್ಲ’ ಅಂತ ಬಂದರೆ ಪರ್ಫಾರ್ಮೆನ್ಸ್ ಪ್ಯಾಕೇಜ್ ಬರೆಸಿಬಿಡಿ. ‘ಸಸ್ಪೆನ್ಷನ್ ಸರಿ, ಸೀಟು ಆಗಲ್ಲ’ ಅಂದರೆ ಅಡಾಪ್ಟಿವ್ ಸಸ್ಪೆನ್ಷನ್ ಬಿಡಿಯಾಗಿ ಸಿಗುತ್ತದಾ ಕೇಳಿ. ಕೆಲವು ಕಂಪನಿಗಳು ಕೊಡುತ್ತವೆ. ಸಿಕ್ಕರೆ ಸೀಟಿಗೂ ಅದಕ್ಕೂ ಹಣ ಹೊಂದಿಸಿ, ದೊಡ್ಡ ಬ್ರೇಕ್ ಮತ್ತು ಎಕ್ಸಾಸ್ಟ್ ಮರೆತುಬಿಡಿ.

ಪ್ರಶ್ನೆ: ನಾನು ಮಾಜ್ದಾ ಎಂಎಕ್ಸ್-5 ನೋಡುತ್ತಿದ್ದೇನೆ. ಇಷ್ಟು ಹಗುರವಾದ ಕಾರಿಗೂ ಇದೇ ಲೆಕ್ಕವಾ?

ಉತ್ತರ: ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಹಗುರ ಕಾರು ಬ್ರೇಕನ್ನು ಅಷ್ಟು ಕಾಯಿಸುವುದಿಲ್ಲ, ಹಾಗಾಗಿ ದೊಡ್ಡ ಬ್ರೇಕಿನ ಅಗತ್ಯ ಕಡಿಮೆ. ಅಮೆರಿಕದಲ್ಲಿ ಮಾರುವ ಕ್ಲಬ್ ಮಾದರಿಯ ಮ್ಯಾನ್ಯುವಲ್ ಕಾರಿನಲ್ಲಿ ಬಿಲ್‌ಸ್ಟೈನ್ ಕಂಪನಿಯ ಡ್ಯಾಂಪರ್ ಮತ್ತು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇವೆ. ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ನೆ ತಿರುಗದೆ ಪವರ್ ನೆಲಕ್ಕೆ ಇಳಿಯುತ್ತದೆ. ಬೆಟ್ಟದ ರಸ್ತೆಯಲ್ಲಿ ಈ ಡಿಫರೆನ್ಷಿಯಲ್ ಬೆಲೆಬಾಳುತ್ತದೆ. ಅದರ ಮೇಲೆ ಬ್ರೆಂಬೊ ಬ್ರೇಕ್, ಬಿಬಿಎಸ್ ಚಕ್ರದ ಪ್ಯಾಕೇಜ್ ಬೇರೆ ಇದೆ. ಟ್ರ್ಯಾಕ್‌ಗೆ ಹೋಗದಿದ್ದರೆ ಅದು ಬರೀ ಅಂದಕ್ಕೆ.

ಪ್ರಶ್ನೆ: ಹೆಚ್ಚು ಆಪ್ಷನ್ ಹಾಕಿಸಿದರೆ ಮಾರುವಾಗ ಹಣ ವಾಪಸ್ ಬರುತ್ತದಾ?

ಉತ್ತರ: ಹಾಕಿದಷ್ಟು ಬರುವುದಿಲ್ಲ. ಆದರೆ ಹಳೇ ಸ್ಪೋರ್ಟ್ಸ್ ಕಾರು ಹುಡುಕುವವರು ಮೊದಲು ಕೇಳುವುದು ಯಂತ್ರದ ಭಾಗಗಳನ್ನೇ. ಪೋರ್ಷೆಯಲ್ಲಿ ಸ್ಪೋರ್ಟ್ ಕ್ರೊನೊ (ಸ್ಪೋರ್ಟ್ ಮೋಡ್, ಡ್ಯಾಷ್‌ಬೋರ್ಡ್ ಮೇಲೆ ಸ್ಟಾಪ್‌ವಾಚ್ ಇರುವ ಪ್ಯಾಕೇಜ್) ಇದೆಯಾ ಅಂತ ಕೇಳುತ್ತಾರೆ. ಚರ್ಮದ ಹೊಲಿಗೆ ಬಣ್ಣ ಯಾವುದು ಅಂತ ಕೇಳುವವರು ಕಡಿಮೆ. ಕಾರ್ಬನ್ ಸೆರಾಮಿಕ್ ಬ್ರೇಕ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಅವುಗಳ ಡಿಸ್ಕ್ ಎರಕದ ಕಬ್ಬಿಣದ ಡಿಸ್ಕಿನ ಸುಮಾರು ಅರ್ಧ ತೂಕ, ರಸ್ತೆ ಬಳಕೆಯಲ್ಲಿ ಬಹಳ ಕಾಲ ಬಾಳುತ್ತವೆ. ಆದರೆ ಬದಲಿಸುವ ಖರ್ಚು ನೆನೆದು ಕೊಳ್ಳುವವರು ಹಿಂದೇಟು ಹಾಕುತ್ತಾರೆ. ಡಿಸ್ಕ್ ಎಷ್ಟು ಸವೆದಿದೆ ಅನ್ನುವ ಸರ್ವಿಸ್ ದಾಖಲೆ ಇಟ್ಟುಕೊಂಡಿದ್ದರೆ ಚೌಕಾಸಿ ಸುಲಭ.